ಅಡ್ಡಿಲ್ಲೆ

೧೧ ಜೂನ್ ೨೦೦೨, ಬೆಳಿಗ್ಗೆ

ಬೋಟುಗಳೆಲ್ಲ ದಡದಲ್ಲಿ. ಮಳೆಗಾಲ ಮುಗಿಯುವವರೆಗೆ ಹಸಿ ಮೀನಿನ ಮುಖ ಕಾಣುವ ಹಾಗಿಲ್ಲ. ಒಣಮೀನಿನ ಬುಟ್ಟಿ ಹೊತ್ತು ತಲ್ಲೂರಿಗೆ ಹೊರಡಬೇಕು. ನಿನ್ನೆ ಒಬ್ಬಳು ಒಣಸಿಗಡಿ ಮೂಸಿ ಮೂಸಿ ನೋಡಿ, ವಾಸನೆ ಅಂದಳು. ಒಣಸಿಗಡಿಗೆ ಮಲ್ಲಿಗೆ ವಾಸನೆ ಬರುತ್ತದಾ? ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಪೂರ್ತಿ ನುಂಗಲಿಲ್ಲ, ಸ್ವಲ್ಪ ಹೇಳಿಯೇ ಬಿಟ್ಟೆ.

ಬೆಂಗಳೂರಿನಿಂದ ಕಾರ್ಡು ಬಂದಿದೆ. ಇವರ ಅಪೀಲು ಹೈಕೋರ್ಟಿನಲ್ಲಿ ಹಿಯರಿಂಗಿಗೆ ಬರುತ್ತದಂತೆ. ಸರ್ಕಾರದ ಕಡೆಯಿಂದ ವಕೀಲರನ್ನು ಕೊಟ್ಟಿದ್ದಾರಂತೆ — ಗಿರಿಜಾ ಅಂತ. ಬಂದು ಕಾಣಬೇಕಂತೆ. ಇವರ ಜೊತೆ ಬೋಟಿಗೆ ಹೋಗುತ್ತಿದ್ದ ಗುಡ್ಡನನ್ನು ಬೋಟು ಕಟ್ಟುವ ದಕ್ಕೆಯಲ್ಲಿ ಹೊಡೆದು ಕೊಂದದ್ದು ಇವರೇ, ಉಮಾನಾಥನೇ ಅಂತ ಜೀವಾವಧಿ ಬರೆದು ಮೂರು ವರ್ಷ ಆಯಿತು. ಈಗ ವಕೀಲರು! ಊಟ ಆದ ಮೇಲೆ ಎಲೆ ಹಾಕಿದ ಹಾಗೆ.

ಸಂಜೆ

ಪಕ್ಕದ ಮನೆ ಪುಷ್ಪ ಬಂದಿದ್ದಳು. ಕಾರ್ಡು ನೋಡಿ ಮೂಗು ಮುರಿದಳು.

"ಇನ್ನ್ ಎಷ್ಟ್ ಸಲ ಹೋಪುದ್ ನೀನ್? ಮುಂಬೈಯಾಗೆ ನಮ್ ಭಾವನ ಗುರ್ತದವ್ರ್ ಒಬ್ರ್ ಇದ್ರ್. ಕ್ಯಾಂಟೀನ್ ಇತ್ತ್. ಹೆಂಡ್ತಿ ತೀರ್ಕಂಡಿತ್..."

"ಹಾಂಗಾರೆ ನೀನೇ ಹೋಗ್," ಅಂದೆ.

ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ನಗು ಬರಲಿಲ್ಲ. ಮದುವೆಯಾಗಿ ಎರಡನೇ ಮಳೆಗಾಲಕ್ಕೇ ಇವರನ್ನು ಕರೆದುಕೊಂಡು ಹೋದರು. ಗಂಡನ ಜೊತೆ ಇದ್ದದ್ದಕ್ಕಿಂತ ಗಂಡನಿಗೆ ಕಾದದ್ದೇ ಹೆಚ್ಚು. ಇವತ್ತಿಗೂ ಅಂಗಳದಲ್ಲಿ ಯಾರದೋ ಚಪ್ಪಲಿ ಸದ್ದಾದರೆ "ಹ್ವಾಯ್" ಅಂತ ಕರೆಯಲು ಬಾಯಿ ತೆರೆಯುತ್ತೇನೆ. ಕರೆದರೆ ಓ ಅನ್ನುವವರಿಲ್ಲ.

೨೪ ಜೂನ್, ಬೆಂಗಳೂರು, ಬಸ್‌ಸ್ಟ್ಯಾಂಡ್

ಸಿಟ್ಟು ಬಂದಿದೆ. ಬರೆದರೆ ಇಳಿಯಬಹುದು.

ಗಿರಿಜಾ ಮೇಡಂ ಮೈಸೂರು ಕಡೆಯವರು. ಒಳ್ಳೆಯವರ ಹಾಗೇ ಕಂಡರು. "ಕಾಫಿ ತಗೋತೀರಾ?" ಅಂದರು. ರಾತ್ರಿಯಿಡೀ ಬಸ್ಸು, ಗಂಟಲು ಒಣಗಿತ್ತು. "ಅಡ್ಡಿಲ್ಲೆ" ಅಂದೆ. "ಸರಿ" ಅಂದು ಫೈಲು ಬಿಚ್ಚಿದರು. ಕಾಫಿ ಬರಲೇ ಇಲ್ಲ! ತಮಗೆ ಮಾತ್ರ ಫ್ಲಾಸ್ಕಿನಿಂದ ಬಗ್ಗಿಸಿಕೊಂಡು ಕುಡಿದರು, ನನ್ನ ಎದುರಿಗೇ. ಕೊಡುವ ಮನಸ್ಸಿಲ್ಲದಿದ್ದರೆ ಕೇಳಬಾರದು.

ಅದು ಹೋಗಲಿ. ಕೇಸಿನ ವಿಷಯ —

ಸೆಷನ್ಸ್ ಕೋರ್ಟಿನಲ್ಲಿ ಇವರಿಗೆ ವಕೀಲರೇ ಇರಲಿಲ್ಲ. ಅದು ನನಗೂ ಗೊತ್ತು, ಫೀಸಿಗೆ ನಮ್ಮಲ್ಲಿ ಎಲ್ಲಿತ್ತು? ಗೊತ್ತಿಲ್ಲದ್ದು ಏನೆಂದರೆ, ಸರ್ಕಾರವೇ ಕೊಡಬೇಕಿತ್ತಂತೆ. ಸಂವಿಧಾನದಲ್ಲೇ ಇದೆಯಂತೆ. ವಕೀಲರ ನೆರವಿಲ್ಲದೆ, ನ್ಯಾಯವಾಗಿ ವಿಚಾರಣೆ ಮಾಡದೆ ಒಬ್ಬನ ಸ್ವಾತಂತ್ರ್ಯ ಕಿತ್ತುಕೊಳ್ಳುವ ಹಾಗಿಲ್ಲ — ಇಪ್ಪತ್ತೊಂದನೇ ವಿಧಿ ಅಂದರು. ಎದೆ ಹಗುರ ಆಯಿತು. ಅಷ್ಟರಲ್ಲಿ ಒಂದು ಹಾಳೆ ತೆಗೆದು ಓದಿದರು.

"ವಕೀಲರ ನೇಮಕದ ಬಗ್ಗೆ ವಿಚಾರಿಸಲಾಗಿ ಆರೋಪಿಯು ಅಡ್ಡಿಯಿಲ್ಲವೆಂದು ತಿಳಿಸಿದ್ದರಿಂದ, ವಕೀಲರಿಲ್ಲದೆ ವಿಚಾರಣೆ ಮುಂದುವರಿಸಲಾಯಿತು."

"ನೋಡಿಮ್ಮ, ಜಡ್ಜು ಕೇಳಿದ್ದಾರೆ. ವಕೀಲರಿಲ್ಲದಿದ್ದರೂ ನಡೆಯುತ್ತೆ ಅಂತ ನಿಮ್ಮೆಜಮಾನರೇ ಹೇಳಿಬಿಟ್ಟಿದ್ದಾರೆ. ನಮಗೆ ಇದೇ ತೊಡಕು."

ಬೇಡ ಅಂದರಾ? ಜೀವ ಹೋಗುವ ಕೇಸಿನಲ್ಲಿ ಯಾರಾದರೂ ಬೇಡ ಅನ್ನುತ್ತಾರಾ? ಏನು ಸೊಕ್ಕು ಇದು! ನಾಳೆ ಜೈಲಿನಲ್ಲಿ ಭೇಟಿ ಇದೆ. ಕೇಳಿಯೇ ಕೇಳುತ್ತೇನೆ.

೨೫ ಜೂನ್, ವಾಪಸ್ ಬಸ್ಸಿನಲ್ಲಿ

ಹಾಗೆ ಮಾಡಬಾರದಿತ್ತು.

ಜಾಲರಿಯ ಆಚೆ ನಿಂತಿದ್ದರು. ಬಡವಾಗಿದ್ದಾರೆ. ಕಿವಿಯ ಹತ್ತಿರ ನರೆ. ಕೈ ನೋಡಿದೆ — ಬಲೆ ಎಳೆದು ಎಳೆದು ಕಾಯಿಕಟ್ಟಿದ್ದ ಕೈ ಈಗ ಮೇಷ್ಟರ ಕೈಯ ಹಾಗೆ ಮೆತ್ತಗೆ ಕಾಣುತ್ತದೆ. ಆ ಕೈ ಮುಟ್ಟಿ ನಾಲ್ಕು ವರ್ಷ. ಅದನ್ನು ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ವಕೀಲ್ರ್ ಬ್ಯಾಡ ಅಂದ್ರಿ ಅಂಬ್ರ್! ಎಂತಕ್ಕೆ?"

"ನಾ ಬ್ಯಾಡ ಅನ್ಲಿಲ್ಲೆ ಮಾರಾಯ್ತಿ. ಬೇಕಾ ಕೇಂಡ್ರ್. ಅಡ್ಡಿಲ್ಲೆ ಅಂದೆ."

"ಮತ್ತೆ ಎಲ್ಲಿ ವಕೀಲ್ರ್?"

"ಬಪ್ಪುದ್ ಅಂದೇಳಿ ಕಾದೆ. ಬರ್ಲಿಲ್ಲೆ. ಸಾಕ್ಷಿಯವ ಬಂದ. ದಕ್ಕೆ ಲೈಟಿನ ಬೆಳಕಗೆ ನನ್ನನ್ನೇ ಕಂಡೆ ಅಂದ."

"ಆವತ್ ಗಾಳಿಮಳಿಗೆ ಊರಿಗ್ ಊರೇ ಕರೆಂಟ್ ಇರ್ಲಿಲ್ಲೆ! ಅದನ್ನ್ ಕೇಂಬುಕ್ ಆಗ್ಲಿಲ್ಯಾ ನಿಮ್ಗೆ?"

"ಅವ್ನತ್ರ ಎಂತಾರೂ ಕೇಳ್ತ್ಯಾ ಅಂದ್ರ್ ಜಡ್ಜ್. ಅಷ್ಟ್ ದೊಡ್ಡವ್ರ್ ಎದ್ರ್ ನಾ ಎಂತ ಕೇಂಬುದ್..."

"ನಿಮ್ಗೆ ಬಾಯಿ ಇದ್ದದ್ದ್ ಎಂತಕ್ಕೆ, ಉಂಬುಕ್ ಮಾತ್ರವಾ?"

ಕೆಳಗೆ ನೋಡಿದರು. ಟೈಮ್ ಆಯಿತು ಅಂತ ಪೊಲೀಸಿನವನು ಕೂಗಿದ. ಹೋಗುವಾಗ ತಿರುಗಿ, "ನೀ ಉಂಡ್ಯಾ?" ಅಂತ ಕೇಳಿದರು. ಅಷ್ಟು ಬೈಸಿಕೊಂಡ ಮೇಲೂ! ನಾನು ಉತ್ತರ ಕೊಡಲಿಲ್ಲ. ಅಳು ಕಾಣಬಾರದು ಅಂತ ಮುಖ ತಿರುಗಿಸಿದೆ. ಸಿಟ್ಟು ಅಂದುಕೊಂಡಿರುತ್ತಾರೆ.

ಉಂಡಿರಲಿಲ್ಲ. ಉಂಡೆ ಅಂತ ಸುಳ್ಳಾದರೂ ಹೇಳಬಹುದಿತ್ತು.

೩ ಆಗಸ್ಟ್

ಒಂದು ತಿಂಗಳು ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಮಳೆ, ಒಣಮೀನು, ಜ್ವರ, ಮತ್ತೆ ಮಳೆ.

ಇವತ್ತು ಇದೆ.

ಸಂಜೆ ಪುಷ್ಪನ ಮನೆಗೆ ಹೋಗಿದ್ದೆ. "ಚಾ ಕುಡಿತ್ಯಾ?" ಅಂದಳು. "ಅಡ್ಡಿಲ್ಲೆ" ಅಂದೆ. ಒಳಗೆ ಹೋದಳು, ಲೋಟ ತಂದಳು, ಕೈಗಿಟ್ಟಳು. ಒಂದು ಗುಟುಕು ಕುಡಿದೆ. ಎರಡನೆಯದು ಒಳಗೆ ಇಳಿಯಲಿಲ್ಲ.

ಚಾ ಬಂತು! ಇಲ್ಲಿ ಬಂತು, ಬೆಂಗಳೂರಿನಲ್ಲಿ ಬರಲಿಲ್ಲ. ಮಾತು ಅದೇ.

"ಎಂತಾಯ್ತೆ? ಸಕ್ರೆ ಕಡ್ಮಿಯಾ?" ಅಂದಳು ಪುಷ್ಪ. ಲೋಟ ಅಲ್ಲೇ ಇಟ್ಟು ಎಸ್‌ಟಿಡಿ ಬೂತಿಗೆ ಓಡಿದೆ. ಚಪ್ಪಲಿ ಒಂದು ಅವಳ ಜಗಲಿಯಲ್ಲೇ ಉಳಿಯಿತು.

"ಮೇಡಂ, ಆವತ್ತು ನೀವು ಕಾಫಿ ಕೇಳಿದಿರಿ. ನಾನು ಏನು ಹೇಳಿದೆ?"

"ಬೇಡ ಅಂದ್ರಲ್ಲಮ್ಮ."

"ಅಡ್ಡಿಲ್ಲೆ ಅಂದೆ. ನಮ್ಮ ಕಡೆ ಹಾಗಂದರೆ ಬೇಕು ಅಂತ!"

ಆ ಕಡೆ ಹಾಳೆ ತಿರುಗಿಸುವ ಸದ್ದು. "ಅಯ್ಯೋ ಸುಗುಣಮ್ಮ," ಅಂದರು. ಎರಡು ಸಲ ಅಂದರು. ಸಂವಿಧಾನ ಓದಿದವರು ಅಯ್ಯೋ ಅಂದದ್ದು ಕೇಳಿ ನನಗೆ ಯಾಕೋ ಧೈರ್ಯ ಬಂತು.

೪ ಆಗಸ್ಟ್

ನಿದ್ದೆ ಇಲ್ಲ. ಇವರು ನನ್ನನ್ನು ನೋಡಲು ಬಂದ ದಿನ ನೆನಪಾಗುತ್ತಿತ್ತು. ಹುಡುಗಿ ಹೇಗೆ ಅಂತ ಅವರ ಅಮ್ಮ ಕೇಳಿದ್ದಕ್ಕೆ, "ಅಡ್ಡಿಲ್ಲೆ" ಅಂದಿದ್ದರು. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಿದ್ದೆ. ನಾನೇನು ಬಂಗುಡೆ ಮೀನಾ, ಅಡ್ಡಿಲ್ಲೆ ಅನ್ನಲು! ಮದುವೆಯಾದ ಮೇಲೆ ಎಷ್ಟು ಸಲ ಕುಟುಕಿದ್ದೇನೆ. ಅವರದು ಅಷ್ಟೇ — ನನ್ನ ಸೀರೆ ಅಡ್ಡಿಲ್ಲೆ, ಮೀನ್ ಸಾರು ಅಡ್ಡಿಲ್ಲೆ. ಸಾರು ಮೂರು ಸಲ ಹಾಕಿಸಿಕೊಂಡು ಅಡ್ಡಿಲ್ಲೆ. ಆಗ ಗೊತ್ತಾಯಿತು, ಆ ಮನೆಯಲ್ಲಿ ಅದಕ್ಕಿಂತ ಮೇಲಿನ ಹೊಗಳಿಕೆ ಇಲ್ಲ ಅಂತ.

ನಾವೆಲ್ಲ ಹಾಗೆಯೇ ಬೆಳೆದದ್ದು. ಬೇಕು ಅಂದರೆ ಆಸೆಬುರುಕರು, ಬೇಡ ಅಂದರೆ ಸೊಕ್ಕು. ಎರಡರ ನಡುವೆ ಮರ್ಯಾದೆಯ ಮಾತು ಇದೊಂದೇ. ಕೊಡುವವರು ಅರ್ಥ ಮಾಡಿಕೊಳ್ಳಬೇಕು. ಆ ಜಡ್ಜು ಯಾವ ಊರಿನವರೋ, ಅರ್ಥ ಆಗಲಿಲ್ಲ. ಇವರು ಬೆಂಚಿನ ಮೇಲೆ ಕೂತು ಕಾದರು, ಚಾ ಬರುತ್ತದೆ ಅಂತ ಕಾದ ಹಾಗೆ.

ಆ ಮಾತು ಇನ್ನೊಮ್ಮೆ ಅವರ ಬಾಯಿಂದ ಕೇಳಬೇಕು. ನನ್ನ ಅಡುಗೆಗೆ. ಬೇರೆ ಏನೂ ಆಸೆ ಇಲ್ಲ. ಸುಳ್ಳು, ಬೇರೆ ಎಲ್ಲ ಆಸೆಯೂ ಇದೆ.

೧೮ ಫೆಬ್ರವರಿ ೨೦೦೩, ಬೆಂಗಳೂರು

ಹೈಕೋರ್ಟು. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮೀನು ವಾಸನೆ ಬರಬಾರದು ಅಂತ ಲಿಂಬೆ ಹಚ್ಚಿ ಸ್ನಾನ ಮಾಡಿದ್ದೆ. ಯಾರೂ ಮೂಸಲಿಲ್ಲ.

ಎಲ್ಲ ಇಂಗ್ಲಿಷು. ಇಬ್ಬರು ಜಡ್ಜುಗಳು. ನಡುನಡುವೆ "ಅಡ್ಡಿಲ್ಲೆ" ಅನ್ನುವುದು ಮಾತ್ರ ಕಿವಿಗೆ ಬೀಳುತ್ತಿತ್ತು, ಸಂತೆಯಲ್ಲಿ ನಮ್ಮವರ ದನಿ ಕೇಳಿದ ಹಾಗೆ. ಹಿರಿಯ ಜಡ್ಜು ಗಿರಿಜಾ ಮೇಡಂ ಅವರನ್ನು ಕನ್ನಡದಲ್ಲೇ ಕೇಳಿದರು.

"ಅಡ್ಡಿಯಿಲ್ಲ ಅಂದರೆ ಅಡ್ಡಿಯಿಲ್ಲ ಅಂತಲೇ ಅಲ್ಲವೇನಮ್ಮ? ಬೇಕು ಅಂತ ಹೇಗಾಗುತ್ತೆ?"

ಕೆಲವರು ನಕ್ಕರು. ಜಡ್ಜು ಎದುರು ಪಕ್ಷದ ಸರ್ಕಾರಿ ವಕೀಲರ ಕಡೆ ತಿರುಗಿದರು.

"ನೀವು ಆ ಕಡೆಯವರೇ ಅಲ್ಲವೇ?"

"ಬ್ರಹ್ಮಾವರ, ಸ್ವಾಮಿ."

"ನಿಮ್ಮ ಮನೆಯಲ್ಲಿ ಬಂದವರನ್ನು ಊಟ ಮಾಡ್ತೀರಾ ಅಂತ ಕೇಳಿ, ಅವರು ಅಡ್ಡಿಲ್ಲೆ ಅಂದರೆ ಏನು ಮಾಡ್ತೀರಿ?"

ಅವರು ಫೈಲು ನೋಡಿದರು. ಕನ್ನಡಕ ತೆಗೆದರು. ಇವರನ್ನು ಒಳಗೇ ಇಡಿಸಬೇಕಾದ ವಕೀಲರು. ನಾನು ಸೆರಗಿನ ತುದಿ ಕಚ್ಚಿ ಹಿಡಿದಿದ್ದೆ.

"ಎಲೆ ಹಾಕ್ತೇವೆ, ಸ್ವಾಮಿ."

ಈ ಸಲ ಯಾರೂ ನಗಲಿಲ್ಲ.

ಆಮೇಲೆ ಗಿರಿಜಾ ಮೇಡಂ ತುಂಬ ಹೊತ್ತು ಮಾತಾಡಿದರು. ಹೊರಗೆ ಬಂದ ಮೇಲೆ ನನಗೆ ಬಿಡಿಸಿ ಹೇಳಿದರು. "ಈ ಒಂದು ಮಾತಿನ ಮೇಲೇ ನಾನು ನಿಂತಿಲ್ಲ ಸುಗುಣಮ್ಮ. ಅವರು ನಿಜವಾಗಲೂ ಬೇಡ ಅಂದಿದ್ದರೂ, ವಕೀಲರಿಲ್ಲದೆ ಏನು ಕಳಕೊಳ್ತೀಯ ಅಂತ ಕೋರ್ಟು ತಿಳಿಸಿ ಹೇಳಬೇಕಿತ್ತು. ಹಕ್ಕು ಅನ್ನೋದು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಅಲ್ಲ."

ಕೇಳದಿದ್ದವರಿಗೂ ಸಿಗುವಂಥದ್ದು ಒಂದಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಕಾಫಿ ಕೊಡಿಸಿದರು. ಕೇಳದೆಯೇ.

೨ ಏಪ್ರಿಲ್

ತೀರ್ಪಿಲ್ಲ.

೩೦ ಮೇ

ಇಲ್ಲ. ಪುಷ್ಪ ಮುಂಬೈಯ ಸುದ್ದಿ ಎತ್ತುತ್ತಿಲ್ಲ. ಆ ಕ್ಯಾಂಟೀನಿನವರಿಗೆ ಮದುವೆ ಆಯಿತಂತೆ. ನಾನು ಕೇಳಿರಲಿಲ್ಲ, ಆದರೂ ಒಂದು ಬಾಗಿಲು ಹಾಕಿದ ಸದ್ದು ಕೇಳಿದ ಹಾಗಾಯಿತು.

೭ ಆಗಸ್ಟ್, ಮಧ್ಯಾಹ್ನ

ಬಂತು!

ಶಿಕ್ಷೆ ರದ್ದು. ಗಿರಿಜಾ ಮೇಡಂ ಬೂತಿಗೆ ಫೋನ್ ಮಾಡಿದ್ದರು. ಆದರೆ — ಬಿಡುಗಡೆ ಅಲ್ಲ. ಕೇಸು ಮೊದಲಿನಿಂದ ನಡೆಯಬೇಕು, ಈ ಸಲ ವಕೀಲರ ಜೊತೆ. ಅಲ್ಲಿಯವರೆಗೆ ಜಾಮೀನು.

ಸಾಕ್ಷಿಯವನು ಮತ್ತೆ ಕಟಕಟೆ ಹತ್ತುತ್ತಾನೆ. ಕರೆಂಟ್ ಇತ್ತಾ ಅಂತ ಈ ಸಲ ಕೇಳುವವರಿರುತ್ತಾರೆ. ಅವನು ಏನು ಹೇಳುತ್ತಾನೋ. ಇದ್ದದ್ದು ಇದ್ದ ಹಾಗೆ ಹೇಳದಿದ್ದರೆ? ಮತ್ತೆ ಕರೆದುಕೊಂಡು ಹೋದರೆ?

ಇರಲಿ. ಮೊದಲು ಮನೆಗೆ ಬರಲಿ.

ಜಾಮೀನಿಗೆ ಯಾರು ಅಂತ ಯೋಚಿಸುತ್ತಿದ್ದೆ. ಪುಷ್ಪ ತನ್ನ ಮನೆಯ ಪತ್ರ ತಂದು ಜಗಲಿಯಲ್ಲಿಟ್ಟಳು. "ಇದ್ ಸಾಕಾ ಕಾಣ್," ಅಂದಳು. ಅವಳ ಕಾಲು ಹಿಡಿಯಲು ಹೋದೆ. "ಏ ಹೋಗೆ, ಮೊದ್ಲ್ ನನ್ ಚಾ ಕುಡ್ದ್ ಮುಗ್ಸ್, ಹ್ವಾದ ವರ್ಷದ್ದ್ ಹಾಂಗೇ ಇತ್ತ್," ಅಂತ ಕಣ್ಣೊರೆಸಿಕೊಂಡಳು.

೨೯ ಆಗಸ್ಟ್

ಬಂದರು. ಮನೆಯಲ್ಲಿದ್ದಾರೆ.

ಬಾಗಿಲಲ್ಲಿ ನಿಂತರು. ಒಳಗೆ ಬರಲು ಯಾರಾದರೂ ಹೇಳಬೇಕು ಅನ್ನುವ ಹಾಗೆ. "ಹ್ವಾಯ್, ಬನ್ನಿ," ಅಂದೆ. ಕರೆದೆ! ಓ ಅಂದರು.

ಬೋಟುಗಳು ಮತ್ತೆ ಕಡಲಿಗೆ ಇಳಿದಿವೆ. ಹೊಸ ಬಂಗುಡೆ, ಕೊತ್ತಂಬರಿ ಹುರಿದು ಹಾಕಿ ಸಾರು ಮಾಡಿದ್ದೆ. ಎದುರಿಗೆ ಕೂತೆ. ತಿಂದರು, ಮುಳ್ಳು ಬಿಡಿಸಿ ಬಿಡಿಸಿ, ನಿಧಾನ. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ.

"ಹೆಂಗಿತ್ತ್?"

ಬಾಯಿ ತೆರೆದರು. ನಿಲ್ಲಿಸಿದರು.

"ಆ ಮಾತ್ ಇನ್ನ್ ಬಾಯಗ್ ತೆಗಿಬ್ಯಾಡಿ ಅಂದಿರ್ ವಕೀಲಮ್ಮ. ಬೇಕಾರೆ ಬೇಕ್, ಬ್ಯಾಡಾರೆ ಬ್ಯಾಡ. ದಿನಾ ಅಭ್ಯಾಸ ಮಾಡಿ ಅಂದಿರ್."

ನಗು ಬಂತು, ಸಂಕಟವೂ ಆಯಿತು. ಐದು ವರ್ಷ ಆ ಒಂದು ಮಾತಿಗೆ ಕಾದಿದ್ದೆ. ಅದನ್ನೂ ಕೋರ್ಟಿನವರೇ ಇಟ್ಟುಕೊಂಡರು. ಸಾರಿನ ಸೌಟು ಹಿಡಿದು, "ಇನ್ನ್ ಸ್ವಲ್ಪ ಹಾಕ್ಲಾ?" ಅಂದೆ.

ತಟ್ಟೆ ನೋಡಿದರು. ನನ್ನನ್ನು ನೋಡಿದರು. ಕಿವಿ ಕೆಂಪಾಯಿತು.

"ಬೇಕ್," ಅಂದರು.

ಮದುವೆಯಾದ ಮೇಲೆ ಮೊದಲ ಸಲ. ಒಳಗೆ ಹೋಗಿ ಒಲೆಯ ಮುಂದೆ ಅತ್ತೆ. ಹೊಗೆ ಅಂತ ಹೇಳಿದೆ.

೩೦ ಆಗಸ್ಟ್, ಬೆಳಿಗ್ಗೆ

ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಜೈಲಿನ ಅಡುಗೆಯಲ್ಲಿ ಕೆಲಸ ಕಲಿತಿದ್ದಾರಂತೆ. ನನಗೆ ಏಳಬೇಡ ಅಂದರು. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೇಸಿನ ತಾರೀಕು ಮುಂದಿನ ತಿಂಗಳು. ಹೆದರಿಕೆ ಹೋಗಿಲ್ಲ. ಬುಟ್ಟಿ ಖಾಲಿ ಇದೆ, ಇವತ್ತು ತಲ್ಲೂರಿಗೆ ಹೋಗುವುದಿಲ್ಲ.

ಇಷ್ಟು ವರ್ಷ ಇದರಲ್ಲಿ ಬರೆದದ್ದೆಲ್ಲ ಅವರಿಗೆ ಹೇಳಬೇಕಾದದ್ದು. ಇನ್ನು ಬಾಯಲ್ಲೇ ಹೇಳಬಹುದು.

ಕರೆಯುತ್ತಿದ್ದಾರೆ — "ಸುಗುಣಾ, ಚಾ ಕುಡಿತ್ಯಾ?"

ನಾಲಿಗೆ ತುದಿಗೆ ಅದೇ ಹಳೇ ಮಾತು ಬಂತು. ತಡೆದೆ. ಈ ಸಲ ನಾನೂ ಬಾಯಿಬಿಟ್ಟು ಹೇಳುತ್ತೇನೆ: ಬೇಕ್.