ಬಟ್ಟೆ ಸುತ್ತಿದ ಬಾಟಲಿ

ಹುಬ್ಬಳ್ಳಿ
ಮಂಗಳವಾರ, ೭-೩-೧೯೬೧

ಮನೆಯ ಮಾಲಕರಾದ ಮೈಲಾರಲಿಂಗಪ್ಪನವರಿಗೆ ಹಿಂದಿನ ಖೋಲಿಯ ಗಿರಿಯಪ್ಪನ ನಮಸ್ಕಾರಗಳು.

ನಿನ್ನೆ ನಳದ ಹತ್ತಿರ ನನ್ನನ್ನು ತಡೆದು, “ಸರಕಾರ ದಾರೂ ಬಂದ್ ಮಾಡಿದ್ದು ಗೊತ್ತಿಲ್ಲೇನು? ದಿನಾ ಮುಂಜಾನೆ ಬಾಟ್ಲಿ ಬಟ್ಟ್ಯಾಗ ಮುಚ್ಚಿಗೊಂಡು ಎಲ್ಲಿಗೆ ಹೊಂಟೀರಿ? ಅಮಾಸಿಗೆ ಖೋಲಿ ಖಾಲಿ ಮಾಡ್ರಿ” ಎಂದಿರಿ. ಹೆಣ್ಣುಮಕ್ಕಳು ಕೊಡ ಹಿಡಿದು ನಿಂತಿದ್ದರು. ಅವರ ಮುಂದೆ ಹೇಳುವ ಮಾತಲ್ಲವೆಂದು ಬರೆಯುತ್ತಿದ್ದೇನೆ.

ಅದು ದಾರೂ ಅಲ್ಲ, ನನ್ನ ಮೂತ್ರ. ಮುಚ್ಚಳ ತೆಗೆದು ಮೂಸಿದ್ದರೆ ನಿಮಗೇ ತಿಳಿಯುತ್ತಿತ್ತು. ನಾನು ನೂಲಿಗೆ ಬಣ್ಣ ಹಾಕುವವನು. ಮೂತ್ರ ಕೆಂಪಾದಾಗ ಕಾರಖಾನೆಯ ಬಣ್ಣವೇ ಇಳಿಯುತ್ತಿದೆ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದೆ. ಅದು ರಕ್ತವಂತೆ. ಮೂತ್ರಕೋಶದಲ್ಲಿ ಕ್ಯಾನ್ಸರ್ ಇದ್ದರೆ ಅದರ ಕಣಗಳು ಮೂತ್ರದಲ್ಲಿ ಉದುರಿ ಬರುತ್ತವೆ, ಡಾಕ್ಟರರು ಸೂಕ್ಷ್ಮದರ್ಶಕದ ದುರ್ಬೀನಿನಲ್ಲಿ ಅವನ್ನು ಹುಡುಕುತ್ತಾರೆ. ಅದಕ್ಕಾಗಿ ಕೆಲವು ದಿನ ಮುಂಜಾನೆಯ ಮೂತ್ರವನ್ನು ಆಸ್ಪತ್ರೆಗೆ ತಂದುಕೊಡಲು ಹೇಳಿದ್ದರು; ತಡವಾದರೆ ಕಣಗಳು ಕೆಟ್ಟುಹೋಗುತ್ತವೆ. ಅದಕ್ಕೇ ನಿಮಗೊಂದು ನಮಸ್ಕಾರವನ್ನೂ ಹೇಳದೆ ಓಡುತ್ತಿದ್ದೆ.

ನಿನ್ನೆ ನಳದಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಡಾಕ್ಟರರು, “ಏನೈತಿ ಅಂತ ಗುರುವಾರ ಹೇಳ್ತೇನ್ರಿ. ಒಬ್ಬರ ಬರಬ್ಯಾಡ್ರಿ, ನಿಮ್ಮವರನ್ನ ಯಾರನ್ನರೆ ಕರಕೊಂಡು ಬರ್ರಿ” ಎಂದರು. ಯಾರ ಹೆಸರು ಬರೆದುಕೊಳ್ಳಲಿ ಎಂದು ಕೇಳಿದಾಗ ನಿಮ್ಮದನ್ನೇ ಹೇಳಿಬಿಟ್ಟೆ. ಸಿಟ್ಟಾಗಬೇಡಿ. ದಿನಾ ಮುಂಜಾನೆ ನಾನು ಎಲ್ಲಿಗೆ ಹೋಗುತ್ತೇನೆಂದು ಈ ಊರಲ್ಲಿ ಕೇಳಿದವರು ನೀವೊಬ್ಬರೇ.

ಅಮಾವಾಸ್ಯೆಗೆ ಖೋಲಿ ಬಿಡುತ್ತೇನೆ, ಅದರ ಬಗ್ಗೆ ತಕರಾರಿಲ್ಲ. ಗುರುವಾರ ಮಾತ್ರ ಹತ್ತು ಗಂಟೆಗೆ ಆಸ್ಪತ್ರೆಗೆ ಬಂದು, ಅಲ್ಲಿ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿರಿ. ಮಾತಾಡದಿದ್ದರೂ ನಡೆದೀತು.

ಇಂತಿ ನಿಮ್ಮ ಬಾಡಿಗೆದಾರ,
ಗಿರಿಯಪ್ಪ