ಅಕ್ಕ ಕೊಟ್ಟ ಮಣ್ಣು

ಜೂನ್ ೧೪, ಶನಿವಾರ

ಇವತ್ತೂ ಬದನೆ ಪಾತಿಯಲ್ಲಿ ಜೇಕಿನ ಕಳೆ ಕಿತ್ತೆ. ಹನ್ನೊಂದು ಗಡ್ಡೆ ಸಿಕ್ಕವು. ಮೊಳದಷ್ಟು ಅಗೆದರೂ ಬೇರಿನ ಎಳೆ ಇನ್ನೂ ಕೆಳಗಿಳಿದಿತ್ತು. ಎರಡು ವರ್ಷದಿಂದ ಇದೇ ಕೆಲಸ. ಪ್ರತಿ ಭಾನುವಾರ ಅಕ್ಕನೂ ಬಂದು ಪಕ್ಕದಲ್ಲಿ ಕೂತು ಕೀಳುತ್ತಾಳೆ.

ಸಂಜೆ ಅವಳ ಮನೆಗೆ ಹೋಗಿದ್ದೆ. ಹಿತ್ತಲು ಅಂಗೈಯಷ್ಟು ನುಣ್ಣಗಿತ್ತು.

"ನಿಮ್ಮಲ್ಲಿ ಒಂದೂ ಜೇಕಿಲ್ವಲ್ಲ ಭಾವ?"

ಭಾವ ನಕ್ಕರು. "ಇತ್ತಮ್ಮ. ಮಣ್ಣೆಲ್ಲ ಬಾಚಿ ಆರು ಚೀಲ ನಿನಗೇ ಕಳಿಸಿದ್ವಲ್ಲ. ನಿಮ್ಮಕ್ಕ ಹೇಳಿಲ್ವಾ?"

"ರೀ, ಸುಮ್ನಿರಿ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ನೋಡದೆ, "ನಿನಗೂ ಹೊತ್ತು ಹೋಗ್ಬೇಕಿತ್ತಲ್ಲೇ."

ಆ ಮಣ್ಣು ಬಂದದ್ದು ಎರಡು ವರ್ಷದ ಹಿಂದೆ, ನಮ್ಮ ಯಜಮಾನರು ತೀರಿಕೊಂಡ ತಿಂಗಳು. "ಒಳ್ಳೆ ಮಣ್ಣು, ಏನಾದ್ರೂ ನೆಡು" ಎಂದಿದ್ದಳು. ಅವಳ ಕೈ ಹಿಡಿದು ಅತ್ತಿದ್ದೆ.

ಮಣ್ಣಿನ ಮಾತು ಹೋಗಲಿ. ವಾರವಾರವೂ ಗಡ್ಡೆಯನ್ನು ಬೆಳಕಿಗೆ ಹಿಡಿದು, "ಎಲ್ಲಿಂದ ಬಂದು ವಕ್ಕರಿಸ್ತೋ ಈ ಪೀಡೆ" ಎಂದು ಬೈಯುತ್ತಿದ್ದಳಲ್ಲ. ನಾನೂ ಜೊತೆಗೆ ನಗುತ್ತಿದ್ದೆನಲ್ಲ.

ನಾಳೆ ಭಾನುವಾರ. ಅವಳ ಕಳೆ ಕೀಳುವ ಕುರ್ಪಿ ನನ್ನ ಮೆಟ್ಟಿಲ ಮೇಲೇ ಇದೆ. ಒಳಗೆ ತೆಗೆದಿಡಲೋ, ಅಲ್ಲೇ ಬಿಡಲೋ ತಿಳಿಯುತ್ತಿಲ್ಲ. ಅವಳು ಬರದಿದ್ದರೆ ಇಡೀ ಪಾತಿ ನಾನೊಬ್ಬಳೇ ಕೀಳಬೇಕು.