ಅಪ್ಪನ ಹಾಸಿಗೆಯಡಿಯ ಚಾಪೆ

ವವಾವು ದ್ವೀಪ
ಜುಲೈ ೧೪, ಭಾನುವಾರ

ಮಗಳೇ ಲೋಸೇಲಿ,

ನಿನ್ನ ತಾಯಿ ಮೆಲೆನೈತೆ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷದಿಂದ ಈ ಊರಿನ ಹೆಂಗಸರ ಸಂಘಕ್ಕೆ ನಾನೇ ಹಿರಿಯಳು. ವರ್ಷಕ್ಕೊಮ್ಮೆ ಮನೆಮನೆ ಹೊಕ್ಕು, ಹಾಸಿಗೆ ಎತ್ತಿಸಿ, ಪಾತ್ರೆ ಮಗುಚಿ ನೋಡಿ ಅಂಕ ಹಾಕುವವಳೂ ನಾನೇ. ಇರುವೆ ಬಂದರೆ ಕಿತ್ತಳೆ ಸಿಪ್ಪೆ, ಕಪಾಟಿಗೆ ಬೂಷ್ಟು ಹಿಡಿದರೆ ವಿನೆಗರ್, ಗೆದ್ದಲಿಗೆ ಸೀಮೆಎಣ್ಣೆ ಎಂದು ಊರಿಗೆಲ್ಲ ಹೇಳಿಕೊಟ್ಟವಳು. ಸಂಘದ ಅಂಕದ ಪುಸ್ತಕ ಬರೆಯುವ ಲೂಪೆ ಎಲ್ಲರೆದುರು ತಮಾಷೆ ಮಾಡುತ್ತಾಳಲ್ಲ, ನಮ್ಮ ಮನೆಗೆ ಬರಬೇಕಾದರೆ ಇರುವೆಯೂ ಕಾಲು ತೊಳೆದುಕೊಂಡೇ ಬರುತ್ತದೆ ಅಂತ. ಇದನ್ನೆಲ್ಲ ನೆನಪಿಟ್ಟುಕೊಂಡು ಮುಂದೆ ಓದು.

ನವೆಂಬರಿನಲ್ಲಿ ನಿನ್ನ ಮದುವೆ. ಆ ದಿನ ಗಂಡಿನ ಕಡೆಯವರ ಮುಂದೆ ಹಾಸಬೇಕಾದ ಚಾಪೆ, ನನ್ನ ಅಜ್ಜಿ ಎರಡು ವರ್ಷ ಕೂತು ಕೇದಗೆಯ ಎಳೆ ಸೀಳಿ ನೇಯ್ದದ್ದು, ಹಾಳಾಗಿದೆ. ನಡುವೆ ಕೈ ತೂರುವಷ್ಟು ತೂತು.

ಫೆಬ್ರವರಿಯಲ್ಲಿ ಅಪ್ಪನಿಗೆ ಲಕ್ವ ಹೊಡೆದಾಗ, ಬಲಗೈ ಮಾತ್ರ ಸ್ವಲ್ಪ ಸೋತಿದೆ ಎಂದು ಬರೆದಿದ್ದೆ. ಅದು ಸುಳ್ಳು. ಅವರಿಗೆ ಮೂತ್ರ ಹಾಸಿಗೆಯಲ್ಲೇ ಆಗಿಬಿಡುತ್ತದೆ, ಗೊತ್ತಾಗುವುದಿಲ್ಲ. ಚರ್ಚಿನಲ್ಲಿ ನಿಂತು ಒಂದು ಗಂಟೆ ಉಪದೇಶ ಹೇಳುತ್ತಿದ್ದ ಮನುಷ್ಯ. ನಿನಗೆ ಬರೆಯಲೇ ಎಂದು ಕೇಳಿದೆ, ಗೋಡೆಯ ಕಡೆ ಮುಖ ತಿರುಗಿಸಿದರು. ಬರೆದೂ ಏನು ಮಾಡುವುದು? ಅಲ್ಲಿ ಆಸ್ಪತ್ರೆಯಲ್ಲಿ ದಿನಕ್ಕೆ ಇಪ್ಪತ್ತು ಪರಗಂಡಸರ ಹಾಸಿಗೆ ಬದಲಿಸುತ್ತೀಯ. ನಮ್ಮಲ್ಲಿ ಹೆತ್ತ ತಂದೆಯ ದಿಂಬನ್ನು ಮಗಳು ಮುಟ್ಟುವಂತಿಲ್ಲ. ಆ ಕಟ್ಟಳೆ ನಾನು ಮಾಡಿದ್ದಲ್ಲ, ಆದರೆ ನಿನಗೆ ಬೆತ್ತ ಹಿಡಿದು ಕಲಿಸಿದವಳು ನಾನೇ.

ಹಾಗಾಗಿ ನನಗೆ ಗೊತ್ತಿದ್ದದ್ದನ್ನು ಮಾಡಿದೆ. ಅಡುಗೆ ಸೋಡ ಚೆಲ್ಲಿ ಬೆಳಗಿನ ತನಕ ಬಿಟ್ಟೆ. ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಒರೆಸಿದೆ. ಕೋಣೆಯಲ್ಲಿ ನಿಂಬೆಹುಲ್ಲು ಕುದಿಸಿದೆ. ಮಕ್ಕಳು ಹಾಸಿಗೆ ಒದ್ದೆ ಮಾಡಿದ ಮನೆಗಳಿಗೆ ಇದೇ ಮದ್ದು ಹೇಳಿಕೊಟ್ಟು ಎಷ್ಟು ಹೊಗಳಿಕೆ ಪಡೆದಿದ್ದೇನೆ. ಮಕ್ಕಳದ್ದು ಒಂದು ದಿನ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ. ಬಿಸಿಲಿಗೆ ಹಾಕೋಣವೆಂದರೆ ಬೇಲಿಯ ಮೇಲೆ ಹಾಸಿಗೆ ಕಂಡವರು ಯಾಕೆ ಎಂದು ಕೇಳುತ್ತಾರೆ.

ಚಾಪೆಗಳು ಎಲ್ಲರ ಮನೆಯಂತೆ ನಮ್ಮಲ್ಲೂ ಹಾಸಿಗೆಯ ಅಡಿಯಲ್ಲೇ ಇದ್ದವು. ಮೈಭಾರಕ್ಕೆ ಸಪಾಟಾಗಿರುತ್ತವಲ್ಲ. ತೆಗೆದು ಬೇರೆ ಕಡೆ ಇಡಬೇಕೆಂದು ಹೊಳೆಯಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಹೊಳೆದಿತ್ತು. ಅವರನ್ನು ಎತ್ತಿ ಚಾಪೆ ಎಳೆಯಲು ಇನ್ನೊಬ್ಬರು ಬೇಕು ಎಂದುಕೊಂಡೆ, ಕರೆದರೆ ಕಾರಣ ಹೇಳಬೇಕು. ಐದು ತಿಂಗಳು ಹಾಗೇ ಬಿಟ್ಟೆ. ಕಳೆದ ವಾರ ಅವರನ್ನು ಒಂದು ಬದಿಗೆ ಉರುಳಿಸಿ ಹಾಸಿಗೆಯ ಮೂಲೆ ಎತ್ತಿದರೆ ಒದ್ದೆ ಕೆಳಗಿನ ಚಾಪೆಯವರೆಗೂ ಇಳಿದಿತ್ತು.

ಮೊನ್ನೆ ಶುಕ್ರವಾರ ತಪಾಸಣೆ ಇತ್ತು. ಮೊದಲ ಮನೆ ನಮ್ಮದೇ. ಎರಡು ವರ್ಷದ ಹಿಂದೆ ಆನಾಸೈನಿಯ ಮನೆಯಲ್ಲಿ ವಾಸನೆ ಎಂದು ಐದು ಅಂಕ ಕಿತ್ತಿದ್ದೆ. ಅವಳ ಮಾವ ಆ ಕೋಣೆಯಲ್ಲಿ ಸಾಯುತ್ತ ಮಲಗಿದ್ದ. ಮೊನ್ನೆ ಬೆಳಗಿನ ಜಾವ ಅದು ನೆನಪಾಗಿ ಒಲೆ ಹಚ್ಚಲೂ ಕೈ ಬರಲಿಲ್ಲ. ಅಪ್ಪನನ್ನು ನೆಲದ ಮೇಲೆ ಮಲಗಿಸಿ, ಹಾಸಿಗೆಯನ್ನು ಒಬ್ಬಳೇ ಎಳೆದು ಮುಂದಿನ ಬೇಲಿಗೆ ಒರಗಿಸಿದೆ.

ಸಂಘದ ಹೆಂಗಸರು ಬಂದರು. ಲೂಪೆ ಹಾಸಿಗೆ ನೋಡಿ ನಿಂತಳು. ಮತ್ತೆ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ಹಿತ್ತಲಿಗೆ ಎಳ್ಕೊಂಡು ಹೋಗೋಣ ನಡೀರಿ. ನಾವ್ಯಾರೂ ನೋಡಿಲ್ಲ" ಎಂದಳು.

"ನೋಡಿದೀಯ. ಬರ್ಕೋ" ಎಂದೆ.

"ಏನಂತ ಬರೀಲಿ?"

"ನನ್ ಗಂಡ ಫೀನೆಹಾಸ್‌ಗೆ ಹಾಸಿಗೇಲೇ ಹೋಗತ್ತೆ ಅಂತ. ಹೆಂಡತಿ ಮುಚ್ಚಿಟ್ಟಿದ್ಲು ಅಂತ."

ಅವಳು ಬರೆಯಲಿಲ್ಲ. ಉಳಿದವರು ಮುಂದಿನ ಮನೆಗೆ ಹೋದರು. ಆನಾಸೈನಿ ಮಾತ್ರ ಹಿಂದುಳಿದು ಹಾಸಿಗೆಯ ಇನ್ನೊಂದು ತುದಿ ಹಿಡಿದು ಮಗುಚಿದಳು. "ಈ ಕಡೇನೂ ಒಣಗ್ಲಿ. ಸೋಡ ಹಾಕಿ ಪ್ರಯೋಜನ ಇಲ್ಲ ಅಕ್ಕಾ, ನಾನು ಎಲ್ಲಾ ಹಾಕಿ ನೋಡಿದೀನಿ. ನೀವು ಹೇಳ್ಕೊಟ್ಟಿದ್ದೇ" ಎಂದಳು. ಚುಚ್ಚಿದಳೋ, ಸಮಾಧಾನ ಹೇಳಿದಳೋ ತಿಳಿಯಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಹೊಸ ಚಾಪೆ ನೇಯಲು ನಾಲ್ಕು ತಿಂಗಳು ಸಾಲದು. ಬೇರೆ ಮನೆಯದನ್ನು ಎರವಲು ತಂದು ನಮ್ಮದೆಂದು ಹಾಸುವಷ್ಟು ನಾನಿನ್ನೂ ಇಳಿದಿಲ್ಲ. ಆದ್ದರಿಂದ ನಿನ್ನೆ ಚಾಪೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು ನಿನ್ನ ಅತ್ತೆಯಾಗುವವರ ಮನೆಗೆ ನಡೆದುಹೋದೆ. ಅವರ ಮುಂದೆ ಬಿಡಿಸಿದೆ. ಅಪ್ಪನ ಸ್ಥಿತಿ ಹೇಳಿದೆ, ತರುವುದಕ್ಕೆ ನಮ್ಮಲ್ಲಿ ಇದೇ ಇರುವುದು ಎಂದೂ ಹೇಳಿದೆ. ಆಕೆ ತೂತಿನ ಅಂಚನ್ನು ಬೆರಳಿನಿಂದ ಸವರಿ, ಹಿರಿಯರನ್ನು ಕೇಳಿ ತಿಳಿಸುತ್ತೇನೆ ಎಂದರು. ಕುಡಿಯಲು ಏನೂ ಕೊಡಲಿಲ್ಲ. ನಾನು ಹಾಗೇ ಎದ್ದು ಬಂದೆ.

ನಿನ್ನ ತಾಯಿ,
ಮೆಲೆನೈತೆ

ಮರೆತ ಮಾತು: ಅಪ್ಪನಿಂದ ಆದ ಕಲೆ ಅಂಗೈಯಷ್ಟೇ ಇತ್ತು. ಹಳೆಯ ಚಾಪೆಗೆ ಅಷ್ಟು ಕಲೆಯನ್ನು ಯಾರೂ ಎಣಿಸುವುದಿಲ್ಲ. ಅದು ಹೋಗಲೇಬೇಕೆಂದು ಉಪ್ಪು, ನಿಂಬೆರಸ ಹಾಕಿ ತೆಂಗಿನ ನಾರಿನಿಂದ ಉಜ್ಜಿ ಎಳೆ ಹರಿದವಳು ನಾನು. ನಿನ್ನ ಅತ್ತೆಯ ಮುಂದೆ ಅಪ್ಪನ ಹೆಸರು ಹೇಳಿ ಬಂದೆ. ಉಜ್ಜುವಾಗ ಅವರು ನೋಡುತ್ತ ಮಲಗಿದ್ದರು. "ಬೇಡ" ಎಂದರು, ಎರಡು ಸಲ. ಲಕ್ವ ಹೊಡೆದ ಮೇಲೆ ಅಷ್ಟು ಸ್ಪಷ್ಟವಾಗಿ ಅವರು ಆಡಿದ ಮಾತು ಅದೊಂದೇ. ನಾನು ಕೇಳಲಿಲ್ಲ.